ಡಿಯೆಂಗ್‌ನ ಕುದಿಯುವ ಕೆಸರು: ಜಾವಾದ ನೆಲದಡಿಯ ಬೆಂಕಿ ಎಷ್ಟು ಹತ್ತಿರದಲ್ಲಿದೆ?

ಪ್ರಶ್ನೆ: ನೆಲನೋಟ

ಜಾವಾ ದ್ವೀಪದ ನಡುಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿರುವ ಡಿಯೆಂಗ್ ಪ್ರಸ್ಥಭೂಮಿಗೆ ಈಚೆಗೆ ಹೋಗಿ ಬಂದೆ. ಹೋದದ್ದು ಅಲ್ಲಿನ ಹಳೆಯ ಶಿವಾಲಯಗಳನ್ನು ನೋಡಲೆಂದು. ಅರ್ಜುನ, ಭೀಮ, ಘಟೋತ್ಕಚ ಎಂದು ಮಹಾಭಾರತದ ಹೆಸರುಗಳಿಂದಲೇ ಕರೆಯಲಾಗುವ ಆ ಪುಟ್ಟ ಕಲ್ಲುಗುಡಿಗಳು ಜಾವಾದ ಅತ್ಯಂತ ಹಳೆಯ ದೇವಾಲಯಗಳ ಸಾಲಿಗೆ ಸೇರುತ್ತವೆ. ಆದರೆ ಹಿಂದಿರುಗಿದ ಮೇಲೆ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಗುಡಿಗಳಲ್ಲ. ಅವುಗಳಿಗೆ ಅನತಿ ದೂರದಲ್ಲಿ ಹಗಲಿರುಳು ಕುದಿಯುತ್ತಿರುವ ಸಿಕಿಡಾಂಗ್ ಎಂಬ ಕೆಸರು ಕೊಳ.

ನಾನು ಹೋದದ್ದು ಬೇಸಗೆಯ ಒಣ ತಿಂಗಳಲ್ಲಿ. ಬೆಳಗಿನ ಜಾವ ಗುಡಿಗಳ ಸುತ್ತಲಿನ ಹುಲ್ಲಿನ ಮೇಲೆ ಬಿಳಿಯ ಹಿಮದ ಪುಡಿ ಕುಳಿತಿತ್ತು. ಆಲೂಗೆಡ್ಡೆ ಬೆಳೆಯನ್ನು ಸುಟ್ಟುಹಾಕುವುದರಿಂದ ಅದನ್ನು ಅಲ್ಲಿಯ ರೈತರು ‘ವಿಷದ ಇಬ್ಬನಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದೇ ದಿನ ಹೊತ್ತೇರುವ ಮೊದಲೇ ಬಿದಿರಿನ ಬೇಲಿಯ ಈಚೆ ನಿಂತು ಬೂದು ಬಣ್ಣದ ಕೆಸರು ಕೊತಕೊತ ಕುದಿಯುವುದನ್ನು ನೋಡಿದೆ. ಮೊದಲು ಕೆಸರಿನ ಮೈ ಅಂಗೈಯಷ್ಟು ಅಗಲಕ್ಕೆ ಉಬ್ಬುತ್ತದೆ, ಉಬ್ಬಿದ ಗುಳ್ಳೆ ಒಂದು ಕ್ಷಣ ನಯವಾಗಿ ಹೊಳೆಯುತ್ತದೆ, ಬಳಿಕ ‘ಪ್ಳಕ್’ ಎಂದು ಒಡೆದು ಸುತ್ತಲೂ ಕೆಸರಿನ ಹನಿಗಳನ್ನು ಎಸೆಯುತ್ತದೆ. ಒಡೆದ ಜಾಗದಲ್ಲಿ ಮೂಡಿದ ಉಂಗುರಗಳು ಅಳಿಯುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಗುಳ್ಳೆ ಎದ್ದಿರುತ್ತದೆ. ನಾನು ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ತಿಳಿಯದು.

ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ. ಆ ಕೊಳದ ಕೆಳಗೇ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಇದೆಯೇ? ಕುದಿಯುವುದಾದರೆ ಬಿಸಿನೀರು ಕುದಿಯಬೇಕು, ಅಷ್ಟೊಂದು ಕೆಸರು ಎಲ್ಲಿಂದ ಬರುತ್ತದೆ? ‘ಕಿಡಾಂಗ್’ ಎಂದರೆ ಅವರ ಭಾಷೆಯಲ್ಲಿ ಜಿಂಕೆ, ಕೊಳವು ಜಿಂಕೆಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವುದರಿಂದ ಆ ಹೆಸರು ಬಂತು ಎಂದು ಜತೆಗಿದ್ದ ಮಾರ್ಗದರ್ಶಿ ಹೇಳಿದರು. ಅದು ನಿಜವಾಗಿದ್ದರೆ ಕಾರಣವೇನು? ಕೊನೆಯದಾಗಿ, ನಮ್ಮ ಅಂಡಮಾನಿನ ಬಾರಾಟಾಂಗ್‌ನಲ್ಲಿ ಕೆಸರು ಉಕ್ಕುವುದನ್ನು ಹಿಂದೊಮ್ಮೆ ನೋಡಿದ್ದೇನೆ. ಎರಡೂ ಒಂದೇ ಬಗೆಯವೇ?

ಉತ್ತರ 1: ಶಿಲಾಸಕ್ತ

ಕೊಳದ ಕೆಳಗೇ ಶಿಲಾಪಾಕ ಇಲ್ಲ. ಶಾಖದ ಮೂಲ ಹಲವು ಕಿಲೋಮೀಟರ್ ಆಳದಲ್ಲಿದೆ. ಜಾವಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ತಳವನ್ನು ಹೊತ್ತ ಭೂಫಲಕ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ದ್ವೀಪದ ಅಡಿಗೆ ನುಗ್ಗುತ್ತಿದೆ. ಹಾಗೆ ಇಳಿದ ಫಲಕದಿಂದ ಹೊರಬೀಳುವ ನೀರು ಮೇಲಿನ ಬಿಸಿ ಶಿಲೆಯ ಕರಗುವ ಬಿಂದುವನ್ನು ತಗ್ಗಿಸುವುದರಿಂದ ಶಿಲಾಪಾಕ ಹುಟ್ಟುತ್ತದೆ, ಅದರಿಂದಲೇ ಜಾವಾದ ಉದ್ದಕ್ಕೂ ಜ್ವಾಲಾಮುಖಿಗಳ ಸಾಲು ನಿಂತಿದೆ. ಡಿಯೆಂಗ್ ಎಂಬುದು ಒಂದೇ ಶಿಖರವಲ್ಲ, ಹಲವು ಕುಳಿಗಳೂ ಶಂಕುಗಳೂ ಒತ್ತಾಗಿ ಸೇರಿದ ಜ್ವಾಲಾಮುಖಿ ಸಂಕೀರ್ಣ.

ಉಷ್ಣವಲಯದ ಎತ್ತರದ ನೆಲಕ್ಕೆ ಮಳೆಯ ಕೊರತೆಯಿಲ್ಲ. ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಬಿಸಿ ಶಿಲೆಯ ಸಂಪರ್ಕದಲ್ಲಿ 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದು, ಮೇಲಿನ ಒತ್ತಡದ ಕಾರಣ ಬಹುಪಾಲು ದ್ರವವಾಗಿಯೇ ಉಳಿದಿರುತ್ತದೆ. ಅದು ಮೇಲೇರುತ್ತ ಒತ್ತಡ ಕಡಿಮೆಯಾದಾಗ ಅದರ ಒಂದು ಭಾಗ ಹಬೆಯಾಗಿ ಬೇರ್ಪಡುತ್ತದೆ. ಭಾರವಾದ ನೀರು ಕೆಳಗೇ ಉಳಿಯುತ್ತದೆ, ಹಗುರವಾದ ಹಬೆ ಮಾತ್ರ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳನ್ನು ಹೊತ್ತು ಬಿರುಕುಗಳಲ್ಲಿ ಮೇಲಕ್ಕೆ ಬರುತ್ತದೆ. ಇಲ್ಲಿಯವರೆಗೆ ಕೆಸರಿನ ಸುಳಿವೇ ಇಲ್ಲ ಎಂಬುದನ್ನು ಗಮನಿಸಬೇಕು.

ಕೆಸರು ಹುಟ್ಟುವುದು ಕೊನೆಯ ಕೆಲವು ಮೀಟರುಗಳಲ್ಲಿ. ಮೇಲ್ಮೈಗೆ ಸಮೀಪದಲ್ಲಿ ನಿಂತ ಮಳೆನೀರಿನೊಳಕ್ಕೆ ಹಬೆ ನುಗ್ಗಿದಾಗ ಹೈಡ್ರೋಜನ್ ಸಲ್ಫೈಡ್ ಗಾಳಿಯ ಆಮ್ಲಜನಕದೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ಈ ಕೆಲಸದಲ್ಲಿ ಆಮ್ಲವನ್ನೂ ಬಿಸಿಯನ್ನೂ ತಾಳಿಕೊಳ್ಳುವ ಸೂಕ್ಷ್ಮಜೀವಿಗಳ ಪಾಲೂ ಇದೆ. ಸಲ್ಫೋಲೋಬಸ್ ಎಂಬ ಕುಲದವು 75ರಿಂದ 80 ಡಿಗ್ರಿ ಬಿಸಿಯಲ್ಲಿ, ನಿಂಬೆರಸದಷ್ಟು ಹುಳಿಯಾದ ನೀರಿನಲ್ಲಿ ಸುಖವಾಗಿ ಬಾಳುತ್ತವೆ. ಹೀಗೆ ಕೂಡಿಕೊಂಡ ಬಿಸಿ ಆಮ್ಲ ತನ್ನ ಸುತ್ತಲಿನ ಬಂಡೆಯನ್ನೇ ತಿನ್ನತೊಡಗುತ್ತದೆ. ಆಂಡಿಸೈಟ್ ಶಿಲೆಯೊಳಗಿನ ಫೆಲ್ಡ್‌ಸ್ಪಾರ್ ಹರಳುಗಳು ತಮ್ಮ ಕ್ಯಾಲ್ಸಿಯಂ, ಸೋಡಿಯಂಗಳನ್ನು ಕಳೆದುಕೊಂಡು ಕೇಯೋಲಿನ್ ಎಂಬ ಬಿಳಿ ಜೇಡಿಯಾಗುತ್ತವೆ. ಅದಕ್ಕೆ ಬೂದು ಬಣ್ಣ ಬರುವುದು ಪೈರೈಟ್ ಮೊದಲಾದ ಕಬ್ಬಿಣ ಮತ್ತು ಗಂಧಕದ ಸೂಕ್ಷ್ಮ ಕಣಗಳಿಂದ. ಅಂದರೆ ನೀವು ನೋಡಿದ ಕೆಸರು ಪಾತಾಳದಿಂದ ಉಕ್ಕಿ ಬಂದದ್ದಲ್ಲ. ಕೊಳದ ದಂಡೆ, ಕೊಳದ ತಳ, ಅವೇ ಕರಗಿ ಕೊಳದೊಳಗೆ ಬಿದ್ದಿವೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಪ್ರಶ್ನೆಗಳು ಹೆಚ್ಚು ಕಡಿಮೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕೊಳ ಜಾಗ ಬದಲಿಸುವ ಮಾತು ನಿಜ. ಹಬೆ ಬರುವ ಬಿರುಕನ್ನು ತಾನೇ ಹುಟ್ಟಿಸಿದ ಜೇಡಿ ಮೆತ್ತಿ ಮುಚ್ಚುತ್ತದೆ, ದಂಡೆ ಒಳಗೊಳಗೇ ಮೆತ್ತಗಾಗಿ ಕುಸಿದು ಬಾಯಿ ಕಟ್ಟುತ್ತದೆ. ಆಗ ಹಬೆ ಪಕ್ಕದ ಇನ್ನೊಂದು ಬಿರುಕನ್ನು ಹುಡುಕಿಕೊಂಡು ಹೊಸ ಬಾಯಿ ತೆರೆಯುತ್ತದೆ. ಹಳೆಯ ಜಾಗ ಬಿಳಿಚಿಕೊಂಡು ತಣ್ಣಗಾಗುತ್ತದೆ. ಸಿಕಿಡಾಂಗ್‌ನ ಬಯಲಿನಲ್ಲಿ ಗಿಡಮರಗಳಿಲ್ಲದ ಬಿಳಿ ನೆಲ ಅಷ್ಟು ದೂರ ಹಬ್ಬಿರುವುದು ಇಂಥ ಹಳೆಯ ಬಾಯಿಗಳ ಗುರುತಾಗಿ.

ನೀವು ಒಣ ಕಾಲದಲ್ಲಿ ಹೋದದ್ದರಿಂದ ಕೆಸರು ಗಟ್ಟಿಯಾಗಿತ್ತು, ಗುಳ್ಳೆಗಳು ಉಬ್ಬಿ ನಿಲ್ಲುವಷ್ಟು ಜಿಗುಟಾಗಿತ್ತು. ಮಳೆಗಾಲದಲ್ಲಿ ಅದೇ ಕೊಳ ನೀರುನೀರಾಗಿ, ಬೂದಿ ಕದಡಿದ ನೀರಿನಂತೆ ಒಂದೇ ಸಮನೆ ಮರಳುತ್ತಿರುತ್ತದೆ. ಇನ್ನೊಂದು ಮಾತು: ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. 100 ಆಗಿಲ್ಲ ಎಂಬುದರಿಂದ ಸುಡುವುದೇನೂ ಕಡಿಮೆಯಾಗುವುದಿಲ್ಲ. ಕೆಸರು ಮೈಗೆ ಅಂಟಿಕೊಂಡು ಬಿಸಿಯನ್ನು ಹಿಡಿದಿಡುವುದರಿಂದ ಗಾಯ ಬಿಸಿನೀರಿನ ಗಾಯಕ್ಕಿಂತ ಆಳವಾಗುತ್ತದೆ.

ಉತ್ತರ 2: ಕಡಲಂಚು

ಮೇಲಿನ ವಿವರಣೆ ಓದಿದ ಮೇಲೆ ಬಾರಾಟಾಂಗ್‌ನ ಪ್ರಶ್ನೆಗೆ ಉತ್ತರಿಸುವುದು ಸುಲಭ. ಅದು ಇದಕ್ಕೆ ತೀರ ವಿರುದ್ಧವಾದದ್ದು. ಬಾರಾಟಾಂಗ್‌ನ ಕೆಸರು ನಿಜವಾಗಿಯೂ ಆಳದಿಂದ ಬರುತ್ತದೆ, ಆದರೆ ಅದಕ್ಕೆ ಜ್ವಾಲಾಮುಖಿಯ ಶಾಖದ ನಂಟಿಲ್ಲ. ಅಂಡಮಾನ್ ದ್ವೀಪಗಳು ಸಮುದ್ರತಳದ ಹೂಳು ಪದರ ಪದರವಾಗಿ ಕೆರೆದು ರಾಶಿಯಾಗಿ ಎದ್ದ ನೆಲ. ಆ ಹೂಳಿನೊಳಗೆ ಸಿಕ್ಕಿಬಿದ್ದ ನೀರು ಮತ್ತು ಜೀವಾವಶೇಷಗಳಿಂದ ಹುಟ್ಟಿದ ಮೀಥೇನ್ ಅನಿಲದ ಒತ್ತಡ ಹೆಚ್ಚಿದಾಗ ಜೇಡಿ ಮೇಲಕ್ಕೆ ಹಿಂಡಿ ಬರುತ್ತದೆ. ಬೆರಳು ಅದ್ದಿದರೆ ತಣ್ಣಗಿರುತ್ತದೆ. 2003ರಲ್ಲಿಯೂ, 2004ರ ಡಿಸೆಂಬರ್ 26ರ ಮಹಾಕಂಪದ ಬಳಿಕವೂ ಅದು ಜೋರಾಗಿ ಉಕ್ಕಿತ್ತು. ಅಂಡಮಾನಿನಲ್ಲಿ ನಿಜವಾದ ಬೆಂಕಿಬೆಟ್ಟವನ್ನು ನೋಡಬೇಕೆಂದರೆ ಬ್ಯಾರನ್ ದ್ವೀಪದತ್ತ ನೋಡಬೇಕು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಎಚ್ಚೆತ್ತಿತು.

ಎರಡಕ್ಕೂ ‘ಕೆಸರು ಜ್ವಾಲಾಮುಖಿ’ ಎಂಬ ಒಂದೇ ಹೆಸರು ಬಳಸುವುದರಿಂದ ಗೊಂದಲವಾಗುತ್ತದೆ. ಡಿಯೆಂಗ್‌ನಂಥದನ್ನು ಕೆಸರು ಕೊಳ ಎಂದೂ ಬಾರಾಟಾಂಗ್‌ನಂಥದನ್ನು ಕೆಸರುಬುಗ್ಗೆ ಎಂದೂ ಕರೆದರೆ ಒಳಿತೆಂದು ನನಗನಿಸುತ್ತದೆ.

ಜಾವಾದಲ್ಲಿಯೇ ಕೆಸರುಬುಗ್ಗೆಗಳೂ ಇವೆ. ಮಧ್ಯ ಜಾವಾದ ಗ್ರೊಬೊಗಾನ್ ಸೀಮೆಯ ಬ್ಲೆಡುಗ್ ಕುವುನಲ್ಲಿ ಸಮತಟ್ಟು ಬಯಲಿನ ನಡುವೆ ದೊಡ್ಡ ಕೆಸರಿನ ಗುಳ್ಳೆ ಎದ್ದು ಸದ್ದಿನೊಡನೆ ಒಡೆಯುತ್ತಿರುತ್ತದೆ. ಅದರೊಡನೆ ಬರುವ ಉಪ್ಪುನೀರನ್ನು ಸೀಳಿದ ಬಿದಿರಿನ ದೋಣಿಗಳಲ್ಲಿ ಒಣಗಿಸಿ ಊರಿನವರು ಉಪ್ಪು ತೆಗೆಯುತ್ತಾರೆ. ಡಿಯೆಂಗ್‌ನಂಥ ಕೊಳದಿಂದ ಉಪ್ಪು ಸಿಗದು, ಏಕೆಂದರೆ ಅಲ್ಲಿ ಮೇಲಕ್ಕೆ ಬರುವುದು ಹಬೆ ಮಾತ್ರ, ಲವಣಗಳೆಲ್ಲ ಕೆಳಗಿನ ನೀರಿನಲ್ಲಿಯೇ ಉಳಿಯುತ್ತವೆ.

ಇವೆರಡರ ನಡುವೆ ಸ್ಪಷ್ಟ ಗೆರೆ ಎಳೆಯಲು ಬಾರದ ಒಂದು ಉದಾಹರಣೆಯೂ ಇದೆ. ಪೂರ್ವ ಜಾವಾದ ಸಿಡೊಆರ್ಜೊದಲ್ಲಿ 2006ರ ಮೇ 29ರಂದು ಗದ್ದೆಯ ನಡುವೆ ಕುದಿಬಿಸಿಯ ಕೆಸರು ಉಕ್ಕತೊಡಗಿ, ಹಳ್ಳಿಗಳನ್ನೂ ಕಾರ್ಖಾನೆಗಳನ್ನೂ ಮುಳುಗಿಸಿ ಹತ್ತಾರು ಸಾವಿರ ಜನರನ್ನು ಮನೆಯಿಲ್ಲದವರನ್ನಾಗಿ ಮಾಡಿತು. ಹತ್ತಿರದಲ್ಲಿ ನಡೆಯುತ್ತಿದ್ದ ಅನಿಲ ಬಾವಿಯ ಕೊರೆತ ಕಾರಣವೆಂದು ಹಲವರು, ಎರಡು ದಿನ ಮೊದಲು ಯೋಗ್ಯಕರ್ತದಲ್ಲಿ ಆದ ಭೂಕಂಪ ಕಾರಣವೆಂದು ಇನ್ನು ಕೆಲವರು ಇಂದಿಗೂ ವಾದಿಸುತ್ತಾರೆ. ಅದರ ಕೆಸರು ಹೂಳಿನ ಪದರಗಳದ್ದು, ಆದರೆ ಬಿಸಿ ಮಾತ್ರ ಸಮೀಪದ ಅರ್ಜುನೊ-ವೆಲಿರಾಂಗ್ ಜ್ವಾಲಾಮುಖಿಯ ಕಡೆಯಿಂದ ಬರುತ್ತಿದೆ ಎಂದು ಅನಿಲಗಳ ವಿಶ್ಲೇಷಣೆ ಮಾಡಿದ ವಿಜ್ಞಾನಿಗಳು ಹೇಳಿದ್ದಾರೆ.

ನೆಲನೋಟ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ದಂಡೆಯೇ ಕರಗಿ ಕೆಸರಾಗಿದೆ ಎಂಬ ಮಾತು ಓದಿದಾಗ ನಾನು ನಿಂತಿದ್ದ ಜಾಗ ನೆನಪಾಗಿ ಅಳುಕಾಯಿತು. ಫೋಟೊ ತೆಗೆಯುವ ಆಸೆಯಿಂದ ಮರದ ನಡೆದಾರಿ ಬಿಟ್ಟು ಹತ್ತು ಹೆಜ್ಜೆ ಬಿಳಿ ನೆಲದ ಮೇಲೆ ನಡೆದಿದ್ದೆ. ಕಾಲಡಿಯಲ್ಲಿ ಟೊಳ್ಳು ಸದ್ದು ಬಂದದ್ದು ಈಗ ನೆನಪಾಗುತ್ತಿದೆ.

ಇನ್ನೆರಡು ಸಂಗತಿಗಳನ್ನು ಕೇಳಬೇಕು. ಮೊದಲು ಹೋದಾಗ ಕೊಳೆತ ಮೊಟ್ಟೆಯ ನಾತ ಮೂಗು ಮುಚ್ಚುವಷ್ಟು ಜೋರಾಗಿತ್ತು. ಅರ್ಧ ಗಂಟೆಯ ಬಳಿಕ ಅದು ತಿಳಿಯಲೇ ಇಲ್ಲ. ಗಾಳಿ ತಿರುಗಿದ್ದರಿಂದ ಹಾಗಾಯಿತೇ? ಸಂಜೆ ನೋಡಿದರೆ ನನ್ನ ಬೆಳ್ಳಿಯ ಉಂಗುರ ಕಂದುಗಪ್ಪಾಗಿತ್ತು, ಉಜ್ಜಿದರೂ ಪೂರ್ತಿ ಹೋಗಿಲ್ಲ.

ಉತ್ತರ 3: ಗಾಳಿಗುರುತು

ಉಂಗುರ ಕಪ್ಪಾದದ್ದು ಹೈಡ್ರೋಜನ್ ಸಲ್ಫೈಡ್‌ನಿಂದ. ಬೆಳ್ಳಿಯ ಮೇಲೆ ಬೆಳ್ಳಿಯ ಸಲ್ಫೈಡ್‌ನ ತೆಳು ಪೊರೆ ಕಟ್ಟಿದೆ. ನಾತ ನಿಂತದ್ದು ಗಾಳಿ ತಿರುಗಿದ್ದರಿಂದಲೇ ಇರಬಹುದು, ಆದರೆ ಹಾಗೆಂದು ನಂಬಿಕೊಂಡು ಸಮಾಧಾನಪಡಬಾರದು. ಈ ಅನಿಲಕ್ಕೆ ಮೂಗು ಬಹುಬೇಗ ಒಗ್ಗಿಕೊಳ್ಳುತ್ತದೆ, ಮತ್ತು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗದ ಸುಮಾರಿಗೆ ಏರಿದರೆ ವಾಸನೆ ಹಿಡಿಯುವ ನರವೇ ಮರಗಟ್ಟುತ್ತದೆ. ಅನಿಲ ಹೆಚ್ಚಾದಾಗಲೇ ನಾತ ಇಲ್ಲವಾಗುವುದು ಅದರ ದೊಡ್ಡ ಕೇಡು. ತಲೆನೋವು, ಕಣ್ಣುರಿ, ಗಂಟಲಿನ ಕೆರೆತ ಇವುಗಳಲ್ಲಿ ಯಾವುದು ಕಂಡರೂ ಗಾಳಿಗೆ ಎದುರಾಗಿ, ಎತ್ತರದ ಕಡೆಗೆ ನಡೆದುಬಿಡಬೇಕು.

ಆದರೆ ಡಿಯೆಂಗ್‌ನಲ್ಲಿ ಅತಿ ಹೆಚ್ಚು ಜೀವಗಳನ್ನು ತೆಗೆದದ್ದು ನಾತವುಳ್ಳ ಈ ಅನಿಲವಲ್ಲ. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಡೈಆಕ್ಸೈಡ್. 1979ರ ಫೆಬ್ರುವರಿ 20ರ ನಸುಕಿನಲ್ಲಿ, ಭೂಕಂಪಗಳು ಆಗಿ ಸಿನಿಲಾ ಕುಳಿ ಹಬೆಯ ಸ್ಫೋಟದಿಂದ ಸಿಡಿದಾಗ, ಹತ್ತಿರದ ಕೆಪುಚುಕನ್ ಹಳ್ಳಿಯವರು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬಾಟುರ್ ಕಡೆಯ ದಾರಿ ಹಿಡಿದು ಓಡಿದರು. ಕುಳಿಯಿಂದ ದೂರ ಓಡುವುದೇ ಸರಿಯೆಂದು ಯಾರಿಗಾದರೂ ತೋರುತ್ತದೆ. ಆದರೆ ಆ ದಾರಿಯ ಬದಿಯ ಬಿರುಕೊಂದರಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ, ತಗ್ಗಿನಲ್ಲಿ ನೀರಿನಂತೆ ತುಂಬಿ ನಿಂತಿತ್ತು. 140ಕ್ಕೂ ಹೆಚ್ಚು ಜನರು ದಾರಿಯಲ್ಲಿಯೇ ಉಸಿರುಗಟ್ಟಿ ಸತ್ತರು. ಅವರನ್ನು ಕೊಂದದ್ದು ಸ್ಫೋಟವೂ ಅಲ್ಲ, ಬಿಸಿಯೂ ಅಲ್ಲ. ಸ್ಫೋಟಕ್ಕೆ ಹೆದರಿ ಓಡಿದ ದಾರಿಯಲ್ಲೇ ಸಾವು ಕಾದಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2011ರಲ್ಲಿ ಟಿಂಬಾಂಗ್ ಕುಳಿಯಿಂದ ಅದೇ ಅನಿಲ ಹೊರಬರತೊಡಗಿದಾಗ ಸುತ್ತಲಿನ ಜನರನ್ನು ಮೊದಲೇ ಸ್ಥಳಾಂತರಿಸಿದ್ದು ಆ ಹಳೆಯ ನೋವಿನ ನೆನಪಿನಿಂದಲೇ.

ಆದ್ದರಿಂದ ಕೆಸರು ಕೊಳದ ಬಳಿ ಕುಳಿತುಕೊಳ್ಳುವುದು, ತಗ್ಗಿಗೆ ಇಳಿಯುವುದು, ಮಕ್ಕಳನ್ನು ನೆಲಕ್ಕೆ ಬಿಡುವುದು ಸಲ್ಲದು. ನಿಂತವರ ಮೂಗಿನ ಮಟ್ಟದಲ್ಲಿ ಗಾಳಿ ಚೆನ್ನಾಗಿದ್ದಾಗಲೂ ಮೊಳಕಾಲಿನ ಮಟ್ಟದಲ್ಲಿ ಹಾಗಿರಬೇಕೆಂದಿಲ್ಲ. ಗಾಳಿ ಅಲುಗದ ಮುಂಜಾವಿನಲ್ಲಿ ಈ ಅಪಾಯ ಹೆಚ್ಚು. ಬಿಸಿಲೇರಿ ಗಾಳಿ ಬೀಸತೊಡಗಿದ ಮೇಲೆ ಅನಿಲ ಚದುರುತ್ತದೆ. ಬಿಳಿ ನೆಲದ ಮೇಲೆ ನಡೆದ ಬಗ್ಗೆ ನಾನು ಹೇಳಬೇಕಾದದ್ದು ಒಂದೇ: ಟೊಳ್ಳು ಸದ್ದು ಕೇಳಿದ ಜಾಗದಲ್ಲಿ ಮೇಲಿನ ಒಣ ಹೊಪ್ಪಳೆಯ ಕೆಳಗೆ ಬಿಸಿ ಜೇಡಿಯೋ ಖಾಲಿಯೋ ಇರುತ್ತದೆ, ಹೊಪ್ಪಳೆ ಎಷ್ಟು ದಪ್ಪವೆಂದು ಮೇಲಿನಿಂದ ನೋಡಿ ತಿಳಿಯುವ ಉಪಾಯವಿಲ್ಲ.

ಉತ್ತರ 4: ಹಬೆಯಂತ್ರ

ಚರ್ಚೆ ಅಪಾಯದ ಕಡೆಗೆ ಹೊರಳಿದ್ದು ಸರಿಯೇ, ಆದರೂ ಇದೇ ಶಾಖದಿಂದ ವಿದ್ಯುತ್ ಬರುತ್ತಿರುವುದನ್ನು ಸೇರಿಸಬಯಸುತ್ತೇನೆ. ಜಾವಾದಲ್ಲಿ ಇದರ ಚರಿತ್ರೆ ಹಳೆಯದು. ಪಶ್ಚಿಮ ಜಾವಾದ ಕಮೊಜಾಂಗ್‌ನಲ್ಲಿ ಡಚ್ಚರ ಆಳ್ವಿಕೆಯ ಕಾಲದಲ್ಲಿ, 1926ರಲ್ಲಿ ಕೊರೆದ ಒಂದು ಬಾವಿ, ನೂರು ಮೀಟರಿಗೂ ಕಡಿಮೆ ಆಳದ್ದು, ಇಂದಿಗೂ ಹಬೆ ಉಗುಳುತ್ತಿದೆ. ಅಲ್ಲಿ 1983ರಲ್ಲಿ 30 ಮೆಗಾವಾಟ್‌ನ ಮೊದಲ ಘಟಕ ಆರಂಭವಾಗಿ, ಈಗ ಐದು ಘಟಕಗಳ ಒಟ್ಟು ಸಾಮರ್ಥ್ಯ 235 ಮೆಗಾವಾಟ್ ಆಗಿದೆ. ಡಿಯೆಂಗ್‌ನಲ್ಲಿ 60 ಮೆಗಾವಾಟ್‌ನ ಘಟಕವಿದೆ; ಆಲೂಗೆಡ್ಡೆ ಹೊಲಗಳ ನಡುವೆ ಹಾದುಹೋಗುವ ದಪ್ಪ ಕೊಳವೆಗಳನ್ನು ನೀವು ನೋಡಿಯೇ ಇರುತ್ತೀರಿ.

ಹಲವರು ತಿಳಿದಂತೆ ಕೆಸರು ಕೊಳದ ಹಬೆಯನ್ನೇ ಹಿಡಿದು ಯಂತ್ರ ತಿರುಗಿಸುವುದಿಲ್ಲ. ಆ ಹಬೆಯ ಒತ್ತಡ ಕಡಿಮೆ, ಅಲ್ಲಿಯ ನೀರಿನ ಹುಳಿ ಉಕ್ಕನ್ನು ತಿಂದುಹಾಕುತ್ತದೆ. ಕೊಳ ಒಂದು ಗುರುತು ಮಾತ್ರ: ಕೆಳಗೆ ಬಿಸಿ ಇದೆ, ಬಿರುಕುಗಳಿವೆ, ನೀರಿದೆ ಎಂದು ಅದು ಹೇಳುತ್ತದೆ. ಬಾವಿಗಳನ್ನು ಬೇರೆಡೆ, ಒಂದೆರಡು ಕಿಲೋಮೀಟರ್ ಆಳಕ್ಕೆ ಕೊರೆದು, ಜೇಡಿಯ ಮುಚ್ಚಳದ ಕೆಳಗಿನ ಜಲಾಶಯವನ್ನು ತಲುಪಬೇಕು. ಕಮೊಜಾಂಗ್‌ನ ಭಾಗ್ಯವೆಂದರೆ ಅಲ್ಲಿ ಆಳದಿಂದ ಬರುವುದು ಒಣ ಹಬೆ. ಡಿಯೆಂಗ್‌ನಲ್ಲಿ ಬಿಸಿನೀರು ಮತ್ತು ಹಬೆ ಕೂಡಿ ಬರುತ್ತವೆ. ಆ ನೀರಿನಲ್ಲಿ ಕರಗಿದ ಸಿಲಿಕಾ ತಣ್ಣಗಾಗುತ್ತಿದ್ದಂತೆ ಕೊಳವೆಗಳ ಒಳಮೈಗೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಕಿಟ್ಟವನ್ನು ನೆನೆಸಿಕೊಂಡರೆ ಅಂದಾಜಾದೀತು, ಆದರೆ ಇದು ಅದಕ್ಕಿಂತ ಬಹಳ ಗಟ್ಟಿ, ಹುಳಿ ಹಾಕಿ ತಿಕ್ಕಿದರೆ ಹೋಗುವಂಥದಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಆಳದ ನೀರನ್ನು ತೆಗೆಯುತ್ತಲೇ ಹೋದರೆ ಮೇಲಿನ ಬುಗ್ಗೆಗಳ ಮೇಲೆ ಅದರ ಪರಿಣಾಮ ಕಾಣುತ್ತದೆ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ವಿದ್ಯುತ್ ಕೇಂದ್ರ ಆರಂಭವಾದ ಬಳಿಕ ಹತ್ತಿರದ ಕಣಿವೆಯ ಬಿಸಿನೀರಿನ ಚಿಲುಮೆಗಳು ಬತ್ತಿಹೋದವು. ಬಳಸಿದ ನೀರನ್ನು ಮತ್ತೆ ಆಳಕ್ಕೆ ತಳ್ಳುವ ಪದ್ಧತಿ ಈಗ ಎಲ್ಲೆಡೆ ಬಂದಿದೆ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ನೆಲನೋಟ

ನಾನು ತೆಗೆದ ಫೋಟೊಗಳಲ್ಲಿ ಸಿಲೆರಿ ಎಂಬ ಇನ್ನೊಂದು ಕುಳಿಯದೂ ಇದೆ. ಬಿಳಿಚು ಬೂದು ಬಣ್ಣದ ಕೆರೆಯಂತಿದೆ, ಮೇಲೆಲ್ಲ ಹಬೆ. ಹತ್ತಿರ ಹೋಗಲು ಬಿಡಲಿಲ್ಲ. ಸಿಕಿಡಾಂಗ್‌ನಲ್ಲಿ ಬೇಲಿಯವರೆಗೆ ಬಿಟ್ಟವರು ಇಲ್ಲೇಕೆ ಅಷ್ಟು ದೂರದಲ್ಲೇ ತಡೆದರು?

ಉತ್ತರ 5: ಶಿಲಾಸಕ್ತ

‘ಲೆರಿ’ ಎಂದರೆ ಜಾವಾದ ಭಾಷೆಯಲ್ಲಿ ಅಕ್ಕಿ ತೊಳೆದ ನೀರು, ನಮ್ಮ ಅಕ್ಕಚ್ಚು. ನೀವು ಕಂಡ ಬಣ್ಣಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಆದರೆ ಡಿಯೆಂಗ್‌ನಲ್ಲಿ ಮತ್ತೆ ಮತ್ತೆ ಸಿಡಿಯುವ ಕುಳಿ ಅದು. 1944ರ ಸ್ಫೋಟದಲ್ಲಿ ಅನೇಕರು ಸತ್ತರು. 2017ರ ಜುಲೈ 2ರಂದು ಪ್ರವಾಸಿಗರು ಸುತ್ತಲೂ ಇದ್ದಾಗಲೇ ಸಿಡಿದು ಹಲವರು ಗಾಯಗೊಂಡರು, 2021ರ ಏಪ್ರಿಲ್‌ನಲ್ಲಿ ಮತ್ತೆ ಸಿಡಿಯಿತು.

ಇವು ಲಾವಾ ಹರಿಯುವ ಸ್ಫೋಟಗಳಲ್ಲ. ಜೇಡಿಯಿಂದ ಬಾಯಿ ಕಟ್ಟಿದ ನೆಲದ ಕೆಳಗೆ ನೀರು ತನ್ನ ಕುದಿಬಿಂದುವನ್ನು ಮೀರಿ ಕಾದಿರುತ್ತದೆ. ಯಾವುದೋ ಕಾರಣದಿಂದ ಒತ್ತಡ ಸಡಿಲಿದಾಗ ಅದು ಒಮ್ಮೆಗೇ ಹಬೆಯಾಗಿ ನೂರಾರು ಪಟ್ಟು ಹಿಗ್ಗಿ, ಮೇಲಿನ ಕಲ್ಲು ಕೆಸರುಗಳನ್ನು ಎತ್ತಿ ಎಸೆಯುತ್ತದೆ. ಅಂದರೆ ಬಾಯಿ ಕಟ್ಟುವ ಜೇಡಿಯ ಅದೇ ಗುಣ ಸಿಕಿಡಾಂಗ್‌ನಲ್ಲಿ ಕೊಳವನ್ನು ಪಕ್ಕಕ್ಕೆ ಸರಿಸುತ್ತದೆ, ಸಿಲೆರಿಯಲ್ಲಿ ನೆಲವನ್ನು ಸಿಡಿಸುತ್ತದೆ. ಶಿಲಾಪಾಕ ಮೇಲಕ್ಕೆ ಏರಿ ಬರುವ ಸ್ಫೋಟಕ್ಕೆ ಮೊದಲು ದಿನಗಟ್ಟಲೆ ನೆಲ ಅದುರುತ್ತದೆ, ಉಬ್ಬುತ್ತದೆ, ಉಪಕರಣಗಳು ಅದನ್ನು ಹಿಡಿಯುತ್ತವೆ. ಹಬೆಯ ಸ್ಫೋಟಕ್ಕೆ ಮೊದಲು ಅಂಥ ಸುಳಿವು ಬಹಳ ಸಲ ಸಿಗುವುದೇ ಇಲ್ಲ, ಅದಕ್ಕಾಗಿಯೇ ದೂರವನ್ನೇ ರಕ್ಷಣೆಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಬಾಂಡುಂಗ್‌ನಲ್ಲಿರುವ ಇಂಡೊನೇಷ್ಯಾದ ಜ್ವಾಲಾಮುಖಿ ಕೇಂದ್ರ ಡಿಯೆಂಗ್‌ನಲ್ಲಿ ವೀಕ್ಷಣಾಲಯವೊಂದನ್ನು ನಡೆಸುತ್ತದೆ, ಯಾವ ಕುಳಿಯಿಂದ ಎಷ್ಟು ದೂರ ಇರಬೇಕೆಂದು ಕಾಲಕಾಲಕ್ಕೆ ತಿಳಿಸುತ್ತದೆ. ಮುಂದಿನ ಸಲ ಹೋಗುವವರು ಹೊರಡುವ ದಿನ ಬೆಳಿಗ್ಗೆ ಆ ಸೂಚನೆಯನ್ನು ನೋಡಿಕೊಳ್ಳಬೇಕು.